ಚರ್ಮದ ತೂತು, ಡಿಸ್ಕಿನ ತೂತು

ಮಾಂಸ ಬೇಗ ಬೇಯಲೆಂದು ಅದರ ಜೊತೆ ಎಳೆಯ ಪಪ್ಪಾಯ ಕಾಯಿಯನ್ನು ಹಾಕುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಕಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿರುತ್ತದೆ. ಅದು ಪ್ರೋಟೀನನ್ನು ತುಂಡರಿಸುತ್ತದೆ. 1956ರಲ್ಲಿ ನ್ಯೂಯಾರ್ಕಿನ ವೈದ್ಯವಿಜ್ಞಾನಿ ಲೂಯಿಸ್ ಥಾಮಸ್ ಈ ಪಪೇನನ್ನು ಮೊಲಗಳ ರಕ್ತನಾಳಕ್ಕೆ ಚುಚ್ಚಿದಾಗ ಏನಾಯಿತೆಂದು ಪ್ರಕಟಿಸಿದರು. ಕೆಲವೇ ಗಂಟೆಗಳಲ್ಲಿ ಮೊಲಗಳ ನೆಟ್ಟನೆಯ ಕಿವಿಗಳು ಸೋತು, ಎರಡೂ ಕಡೆ ಜೋತುಬಿದ್ದಿದ್ದವು. ಮೊಲಗಳು ಎಂದಿನಂತೆ ಓಡಾಡಿಕೊಂಡಿದ್ದವು. ಕೆಲವು ದಿನ ಕಳೆದ ಮೇಲೆ ಕಿವಿಗಳು ತಾವಾಗಿಯೇ ಮತ್ತೆ ನಿಮಿರಿದವು. ಕಿವಿಯನ್ನು ನಿಲ್ಲಿಸಿ ಹಿಡಿಯುವ ಮೃದ್ವಸ್ಥಿಯ ಬಿಗಿಯನ್ನು ಪಪೇನ್ ತಾತ್ಕಾಲಿಕವಾಗಿ ಕಳಚಿಹಾಕಿತ್ತು, ಅಷ್ಟೆ.

ಈ ವರದಿಯನ್ನು ಓದಿ ಹೆಚ್ಚಿನವರು ನಕ್ಕು ಸುಮ್ಮನಾಗಿರಬೇಕು. ಇಲಿನಾಯ್ ರಾಜ್ಯದ ಮೂಳೆವೈದ್ಯ ಲೈಮನ್ ಸ್ಮಿತ್ ಸುಮ್ಮನಾಗಲಿಲ್ಲ. ಕಿವಿಯ ಮೃದ್ವಸ್ಥಿಗೂ ಬೆನ್ನೆಲುಬಿನ ಡಿಸ್ಕಿಗೂ ರಾಸಾಯನಿಕ ನಂಟಿದೆ. ಕಿವಿ ಸಡಿಲವಾಗುವುದಾದರೆ ಸೊಂಟದಲ್ಲಿ ಉಬ್ಬಿ ನರವನ್ನು ಒತ್ತುವ ಡಿಸ್ಕೂ ಕರಗಬೇಕಲ್ಲ? ಪಪ್ಪಾಯದಿಂದಲೇ ಬರುವ ಕೈಮೊಪಪೇನ್ ಎಂಬ ಮತ್ತೊಂದು ಕಿಣ್ವವನ್ನು ಅವರು 1963ರಲ್ಲಿ ಉದ್ದನೆಯ ಸೂಜಿಯ ಮೂಲಕ ರೋಗಿಯ ಡಿಸ್ಕಿನೊಳಕ್ಕೆ ಚುಚ್ಚಿದರು. ಚಾಕು ಇಲ್ಲ, ಹೊಲಿಗೆ ಇಲ್ಲ, ಚರ್ಮದ ಮೇಲೆ ಉಳಿಯುವುದು ಒಂದು ಸೂಜಿಯ ಗುರುತು ಮಾತ್ರ. ಸೊಂಟದ ಡಿಸ್ಕಿಗೆ ಕಡಿಮೆ ಗಾಯದ ಚಿಕಿತ್ಸೆ ಎಂದು ಇಂದು ಕರೆಯುವುದಕ್ಕೆ ಇದಕ್ಕಿಂತ ಸಣ್ಣ ಗಾಯ ಬೇಕೇ?

1982ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಒಪ್ಪಿಗೆ ಕೊಟ್ಟರು. ಸಾವಿರಾರು ಜನ ಸಾಲುಗಟ್ಟಿದರು. ಎಷ್ಟೋ ಜನರಿಗೆ ನೋವು ನಿಂತೂಹೋಯಿತು. ಆದರೆ ಕೆಲವರ ದೇಹ ಪಪ್ಪಾಯದ ಪ್ರೋಟೀನಿಗೆ ಸಿಡಿದೆದ್ದು, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬಂತು. ಬೆರಳೆಣಿಕೆಯಷ್ಟು ಜನರಿಗೆ ಬೆನ್ನುಹುರಿಗೇ ಹಾನಿಯಾಗಿ ಕಾಲುಗಳು ಸ್ವಾಧೀನ ತಪ್ಪಿದವು. ವೈದ್ಯರು ಒಬ್ಬೊಬ್ಬರಾಗಿ ಅದನ್ನು ಕೈಬಿಟ್ಟರು. 2003ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಔಷಧವೇ ಮಾಯವಾಯಿತು. ಗಾಯ ಸಣ್ಣದು ಎಂದ ಮಾತ್ರಕ್ಕೆ ಚಿಕಿತ್ಸೆ ಸಣ್ಣದಾಗುವುದಿಲ್ಲವೆಂದು ವೈದ್ಯಲೋಕ ಕಲಿತದ್ದು ಹೀಗೆ, ಸಾಕಷ್ಟು ಬೆಲೆ ತೆತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಕಥೆಯನ್ನು ಓದಬೇಕು.

ಮೊದಲು ಈ ಡಿಸ್ಕ್ ಎಂಬುದು ಏನೆಂದು ನೋಡೋಣ. ಬೆನ್ನೆಲುಬಿನ ಮಣಿಗಳ ನಡುವೆ ಇಂಥ 23 ಮೆತ್ತೆಗಳಿವೆ. ಹೊರಗೆ ಗಟ್ಟಿ ನಾರಿನ ಉಂಗುರ. ಅದರಲ್ಲಿ 15ರಿಂದ 25 ಪದರಗಳು. ಒಂದು ಪದರದ ನಾರು ಬಲಕ್ಕೆ ಓರೆಯಾದರೆ ಅದರ ಮುಂದಿನ ಪದರದ್ದು ಎಡಕ್ಕೆ. ಒಳಗೆ ನೀರನ್ನು ಹೀರಿ ಹಿಡಿದಿಟ್ಟುಕೊಂಡ ತಿರುಳು. ಹಗಲಿಡೀ ಮೈಭಾರ ಹೊತ್ತು ಈ ತಿರುಳಿನ ನೀರು ಸ್ವಲ್ಪ ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮರಳಿ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಿರುವುದು ಇದರಿಂದಲೇ. ತಿರುಳಿಗೆ ರಕ್ತನಾಳಗಳಿಲ್ಲ. ಅದರ ಜೀವಕೋಶಗಳಿಗೆ ಬೇಕಾದ ಸಕ್ಕರೆ, ಆಮ್ಲಜನಕಗಳೆಲ್ಲ ಮೇಲಿನ ಮತ್ತು ಕೆಳಗಿನ ಮೂಳೆಯಿಂದ ಒಸರಿಕೊಂಡು ಬರಬೇಕು. ಹೀಗೆ ಅರೆಹೊಟ್ಟೆಯಲ್ಲಿ ಬದುಕುವ ಅಂಗ ಬೇಗ ಮುದಿಯಾಗುವುದರಲ್ಲಿ ಅಚ್ಚರಿಯಿಲ್ಲ. ಇಪ್ಪತ್ತರ ಹರೆಯದಲ್ಲೇ ಅನೇಕರ ಡಿಸ್ಕುಗಳಲ್ಲಿ ಸವೆತದ ಗುರುತುಗಳು ಕಾಣಿಸುತ್ತವೆ.

ಮುದಿಯಾದ ಉಂಗುರ ಒಳಗಿನಿಂದ ಬಿರುಕು ಬಿಡುತ್ತಾ ಬರುತ್ತದೆ. ಒಂದು ದಿನ, ಹೋಳಿಗೆ ಲಟ್ಟಿಸುವಾಗ ಕಣಕ ಹರಿದು ಹೂರಣ ಇಣುಕುವ ಹಾಗೆ, ತಿರುಳು ಹೊರಗೆ ಬರುತ್ತದೆ. ಡಿಸ್ಕ್ ಜಾರಿತು ಎನ್ನುತ್ತೇವಾದರೂ ಇಡೀ ಡಿಸ್ಕ್ ಎಲ್ಲಿಗೂ ಹೋಗಿರುವುದಿಲ್ಲ. ನೂರರಲ್ಲಿ 90ಕ್ಕೂ ಹೆಚ್ಚು ಸಲ ಇದು ನಡೆಯುವುದು ಸೊಂಟದ ಅತಿ ಕೆಳಗಿನ ಎರಡು ಡಿಸ್ಕುಗಳಲ್ಲಿ. ಮೈಭಾರವೆಲ್ಲ ಇಳಿಯುವುದೂ ಬಾಗುವಿಕೆ ಹೆಚ್ಚಿರುವುದೂ ಅಲ್ಲೇ. ಭಾರ ಎತ್ತಿದ್ದರಿಂದಲೇ ಹೀಗಾಯಿತೆಂದು ರೋಗಿ ಹೇಳುವುದುಂಟು. ಆದರೆ ಫಿನ್ಲೆಂಡಿನಲ್ಲಿ ಅವಳಿ ಸೋದರರನ್ನು ಇಟ್ಟುಕೊಂಡು ನಡೆಸಿದ ಅಧ್ಯಯನಗಳು ಬೇರೆಯೇ ಮಾತು ಹೇಳಿದವು. ಒಬ್ಬ ಕಷ್ಟದ ಮೈಕೆಲಸ ಮಾಡಿದವನು, ಇನ್ನೊಬ್ಬ ಕುರ್ಚಿಯಲ್ಲಿ ಕುಳಿತವನು. ಆದರೂ ಇಬ್ಬರ ಡಿಸ್ಕುಗಳೂ ಹೆಚ್ಚು ಕಡಿಮೆ ಒಂದೇ ತರಹ ಸವೆದಿದ್ದವು. ಇಲ್ಲಿ ದುಡಿಮೆಗಿಂತ ವಂಶವಾಹಿಯ ಪಾಲೇ ದೊಡ್ಡದು. ಮೂಟೆ ಹೊತ್ತ ಅಪ್ಪನಿಗಿಂತ ಕಂಪ್ಯೂಟರ್ ಮುಂದಿನ ಮಗನಿಗೆ ಮೊದಲು ಸೊಂಟ ಹಿಡಿಯುವುದನ್ನು ಕಂಡವರಿಗೆ ಇದು ಹೊಸ ಸುದ್ದಿಯೇನಲ್ಲ.

ಹೊರಬಂದ ತಿರುಳು ಯಾವ ನರಬೇರಿಗೆ ತಾಗಿತು ಎಂಬುದರ ಮೇಲೆ ನೋವಿನ ದಾರಿ ನಿರ್ಧಾರವಾಗುತ್ತದೆ. ಕೊನೆಯ ಡಿಸ್ಕಾದರೆ ನೋವು ಪೃಷ್ಠದಿಂದ ತೊಡೆಯ ಹಿಂಭಾಗ, ಮೀನಖಂಡದ ಮೂಲಕ ಪಾದದ ಹೊರ ಅಂಚಿಗೆ ಇಳಿಯುತ್ತದೆ. ಅದರ ಮೇಲಿನದಾದರೆ ಕಾಲಿನ ಹೊರಮಗ್ಗುಲಿನಿಂದ ಪಾದದ ಮೇಲ್ಭಾಗಕ್ಕೂ ಹೆಬ್ಬೆರಳಿಗೂ ಹರಿಯುತ್ತದೆ. ಹೆಬ್ಬೆರಳು ಮೇಲೆತ್ತಲು ಬಲ ಸಾಲದೆ ಚಪ್ಪಲಿ ಕಳಚಿಬೀಳುತ್ತದೆ. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿದಾಗ ನೋವು ಮಿಂಚಿನಂತೆ ಹರಿದರೆ ನರಬೇರು ಸಿಕ್ಕಿಕೊಂಡಿದೆ ಎಂದು ಅರ್ಥ. ಫ್ರಾನ್ಸಿನ ವೈದ್ಯ ಲಾಸೆಗ್ ಹೆಸರಿನಲ್ಲಿ ಪ್ರಸಿದ್ಧವಾದ ಈ ಪರೀಕ್ಷೆಯನ್ನು 1881ರಲ್ಲಿ ಬರೆದಿಟ್ಟವರು ಅವರ ಶಿಷ್ಯ. ಅದಕ್ಕೂ ಒಂದು ವರ್ಷ ಮೊದಲು ಸರ್ಬಿಯಾದ ಲಾಜಾ ಲಾಜಾರೆವಿಚ್ ಇದನ್ನೇ ವಿವರಿಸಿದ್ದರು. ಈ ಲಾಜಾರೆವಿಚ್ ತಮ್ಮ ಭಾಷೆಯ ದೊಡ್ಡ ಕಥೆಗಾರರಲ್ಲಿ ಒಬ್ಬರು ಕೂಡ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಇಂದಿಗೂ ಲಕ್ಷಾಂತರ ಬೆಲೆಯ ಯಂತ್ರಗಳ ಪಕ್ಕದಲ್ಲಿ ತಲೆಯೆತ್ತಿ ನಿಂತಿದೆ.

ನರ ನೋಯುವುದು ಬರೀ ಒತ್ತಡದಿಂದಲ್ಲ ಎಂಬುದು ಮಾತ್ರ ತಡವಾಗಿ ಗೊತ್ತಾಯಿತು. 1993ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕೆಲ್ ಓಲ್‌ಮಾರ್ಕರ್ ಮತ್ತು ಸಂಗಡಿಗರು ಹಂದಿಗಳ ಡಿಸ್ಕಿನಿಂದ ತಿರುಳು ತೆಗೆದು, ಅದೇ ಹಂದಿಯ ನರಬೇರುಗಳ ಮೇಲೆ ಸುಮ್ಮನೆ ಇಟ್ಟರು. ಒತ್ತಲಿಲ್ಲ, ಕಟ್ಟಲಿಲ್ಲ. ಅಷ್ಟಕ್ಕೇ ನರಗಳಲ್ಲಿ ಸಂದೇಶ ಸಾಗುವ ವೇಗ ಇಳಿಯಿತು. ತಿರುಳಿನಲ್ಲಿ ಉರಿಯೂತ ಎಬ್ಬಿಸುವ ರಾಸಾಯನಿಕಗಳಿವೆ. ಭ್ರೂಣಾವಸ್ಥೆಯಿಂದಲೂ ರಕ್ತದ ಕಣ್ಣಿಗೆ ಬೀಳದೆ ಒಳಗೇ ಮುಚ್ಚಿಕೊಂಡಿದ್ದ ಈ ವಸ್ತು ಹೊರಗೆ ಬಂದೊಡನೆ ದೇಹದ ಕಾವಲು ಕೋಶಗಳು ಅದನ್ನು ಪರಕೀಯವೆಂದು ತಿಳಿದು ಮುತ್ತುತ್ತವೆ. ನೋವಿಗೆ ಇದು ಕಾರಣ. ವಾಸಿಯಾಗುವುದಕ್ಕೂ ಇದೇ ಕಾರಣ, ಏಕೆಂದರೆ ಮುತ್ತಿದ ಕೋಶಗಳು ಆ ತುಣುಕನ್ನು ನಿಧಾನವಾಗಿ ತಿಂದು ಮುಗಿಸುತ್ತವೆ. ಉಂಗುರದೊಳಗೆ ಬರೀ ಉಬ್ಬಿಕೊಂಡ ಡಿಸ್ಕ್ ಹಾಗೇ ಉಳಿಯುವ ಸಂಭವ ಹೆಚ್ಚು. ಪೂರ್ತಿ ಹರಿದು ಹೊರಬಿದ್ದು ನರದ ಕಾಲುವೆಯಲ್ಲಿ ಅಲೆಯುವ ತುಣುಕು ಕಣ್ಮರೆಯಾಗುವ ಸಂಭವ ಹೆಚ್ಚು. ಹಾಗಾಗಿ ಎಂಆರ್‌ಐ ಚಿತ್ರದಲ್ಲಿ ನೋಡಿದವರ ಎದೆ ನಡುಗಿಸುವ ದೊಡ್ಡ ತುಣುಕೇ ಎಷ್ಟೋ ಸಲ ತಿಂಗಳುಗಳಲ್ಲಿ ತಾನಾಗಿ ಕರಗುತ್ತದೆ.

ಎಂಆರ್‌ಐ ಬಗ್ಗೆ ಇನ್ನೂ ಒಂದು ಮಾತು. 1994ರಲ್ಲಿ ಅಮೆರಿಕದ ಮೌರೀನ್ ಜೆನ್ಸನ್ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 98 ಜನರ ಸೊಂಟದ ಎಂಆರ್‌ಐ ತೆಗೆಸಿದರು. ಅವರಲ್ಲಿ ಶೇಕಡಾ 52ರಷ್ಟು ಜನರ ಒಂದಾದರೂ ಡಿಸ್ಕ್ ಉಬ್ಬಿತ್ತು, ಶೇಕಡಾ 27ರಷ್ಟು ಜನರಲ್ಲಿ ಡಿಸ್ಕ್ ಚಾಚಿಕೊಂಡೇ ಇತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇಕಡಾ 36 ಮಾತ್ರ. ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದಿರುವುದು ಒಂದು ವಯಸ್ಸಿನ ಮೇಲೆ ತಲೆಗೂದಲು ನೆರೆತಿದೆ ಎಂದು ಬರೆದಷ್ಟೇ ಸಹಜ. ಚಿತ್ರದ ಡಿಸ್ಕೂ ಕಾಲಿನ ನೋವೂ ಒಂದೇ ನರದ ಹೆಸರು ಹೇಳಿದಾಗ ಮಾತ್ರ ಆ ಚಿತ್ರಕ್ಕೆ ಬೆಲೆ. ಸೊಂಟವಷ್ಟೇ ನೋಯುತ್ತಿದ್ದು, ಕಾಲಿಗೆ ನೋವು ಇಳಿಯದವರಿಗೆ ಡಿಸ್ಕಿನ ತುಣುಕು ತೆಗೆಯುವ ಆಪರೇಷನ್ನಿನಿಂದ ಸಿಗುವುದು ಬಹಳ ಕಡಿಮೆ. ಈ ಒಂದು ವಾಕ್ಯವನ್ನು ಎಲ್ಲರೂ ಗಂಭೀರವಾಗಿ ತೆಗೆದುಕೊಂಡಿದ್ದರೆ ಎಷ್ಟೋ ಬೆನ್ನುಗಳು ಚಾಕುವಿನಿಂದ ಉಳಿಯುತ್ತಿದ್ದವು.

*

ಡಿಸ್ಕಿನ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಒಂದು ತಪ್ಪು ಗುರುತಿನಿಂದ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಸ್ತ್ರವೈದ್ಯರು ಬೆನ್ನುಹುರಿಯ ಕಾಲುವೆ ಬಿಚ್ಚಿ ನರವನ್ನು ಒತ್ತುತ್ತಿದ್ದ ಬಿಳಿಯ ಗಂಟುಗಳನ್ನು ತೆಗೆಯುತ್ತಿದ್ದರು, ಅವುಗಳನ್ನು ಮೃದ್ವಸ್ಥಿಯ ಗೆಡ್ಡೆಗಳೆಂದು ದಾಖಲಿಸುತ್ತಿದ್ದರು. 1932ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನರಶಸ್ತ್ರವೈದ್ಯ ಜೇಸನ್ ಮಿಕ್ಸ್ಟರ್ ಇಂಥದೊಂದು ಗಂಟು ತೆಗೆದಾಗ ಮೂಳೆವೈದ್ಯ ಜೋಸೆಫ್ ಬಾರ್ ಅವರಿಗೆ ಅನುಮಾನ ಬಂತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಶ್ಮೋರ್ಲ್ ಎಂಬ ರೋಗಶಾಸ್ತ್ರಜ್ಞರು ಸಾವಿರಾರು ಶವಗಳ ಬೆನ್ನೆಲುಬನ್ನು ಸೀಳಿ ನೋಡಿ ಬರೆದದ್ದು ಅವರಿಗೆ ಗೊತ್ತಿತ್ತು. ಈ ಗಂಟು ಗೆಡ್ಡೆಯಲ್ಲ, ಡಿಸ್ಕಿನದೇ ತುಣುಕು ಎಂದು ಅವರಿಗೆ ಅನಿಸಿತು. ಇಬ್ಬರೂ ಆಸ್ಪತ್ರೆಯಲ್ಲಿ ಕಾದಿಟ್ಟಿದ್ದ ಹಳೆಯ ಗೆಡ್ಡೆಗಳ ಮಾದರಿಗಳನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು. ಬಹುಪಾಲು ಡಿಸ್ಕೇ ಆಗಿತ್ತು. 1934ರಲ್ಲಿ 19 ರೋಗಿಗಳ ವಿವರದೊಂದಿಗೆ ಅವರ ಲೇಖನ ಪ್ರಕಟವಾಯಿತು. ಕಾಲಿಗೆ ಇಳಿಯುವ ಈ ಹಳೆಯ ಬೇನೆಗೆ ಮೊದಲ ಸಲ ಕೈಯಲ್ಲಿ ಹಿಡಿದು ತೋರಿಸುವಂಥ ಕಾರಣ ಸಿಕ್ಕಿತು.

ಅವರ ಆಪರೇಷನ್ ಮಾತ್ರ ದೊಡ್ಡದು. ಸೊಂಟದ ಮಧ್ಯೆ ಉದ್ದಕ್ಕೆ ಸೀಳಿ, ಎರಡೂ ಕಡೆ ಮಾಂಸಖಂಡಗಳನ್ನು ಮೂಳೆಯಿಂದ ಬಿಡಿಸಿ, ನರಗಳ ಹಿಂದಿನ ಮೂಳೆಯ ಚಾವಣಿಯನ್ನೇ ತೆಗೆಯುತ್ತಿದ್ದರು. ಐದು ವರ್ಷ ಕಳೆಯುವುದರೊಳಗೆ, 1939ರಲ್ಲಿ, ಮೇಯೊ ಕ್ಲಿನಿಕ್‌ನ ಗ್ರಾಫ್ಟನ್ ಲವ್ ಆ ಚಾವಣಿಯನ್ನು ಮುಟ್ಟದೆ ಎರಡು ಮಣಿಗಳ ನಡುವಿನ ಸಂದಿನಿಂದಲೇ ತುಣುಕನ್ನು ಹೊರಗೆಳೆಯುವುದನ್ನು ತೋರಿಸಿದರು. ಗಾಯ ಸಣ್ಣದಾಗಿಸುವ ಆಸೆ ಈಚಿನದೆಂದು ಜಾಹೀರಾತುಗಳು ಹೇಳುತ್ತವೆ. ನಿಜವಾಗಿ ಅದು ಈ ಶಸ್ತ್ರಚಿಕಿತ್ಸೆಯಷ್ಟೇ ಹಳೆಯದು.

ಮುಂದಿನ ದೊಡ್ಡ ಹೆಜ್ಜೆಗೆ ಬೇಕಿದ್ದುದು ಸಣ್ಣ ಚಾಕುವಲ್ಲ, ಒಳ್ಳೆಯ ಬೆಳಕು. ಆಳವಾದ ಕಿರಿದಾದ ಗುಂಡಿಯೊಳಗೆ ಬರಿಗಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ, ಕಾಣಲೆಂದೇ ಗುಂಡಿಯನ್ನು ಅಗಲ ಮಾಡಬೇಕಾಗುತ್ತಿತ್ತು. ಜ್ಯೂರಿಕ್‌ನ ಯಾಶಾರ್ಗಿಲ್ ಮೆದುಳಿನ ರಕ್ತನಾಳಗಳ ಮೇಲೆ ಮೈಕ್ರೊಸ್ಕೋಪಿನಡಿ ಕೆಲಸ ಮಾಡಿ ಪಳಗಿದವರು. ಅವರೂ, ಜರ್ಮನಿಯ ಹೊಂಬುರ್ಗ್‌ನ ಕಾಸ್ಪರ್ ಅವರೂ 1977ರಲ್ಲಿ ಬೇರೆಬೇರೆಯಾಗಿ ಸೊಂಟದ ಡಿಸ್ಕಿಗೆ ಮೈಕ್ರೊಸ್ಕೋಪ್ ತಿರುಗಿಸಿದ ಅನುಭವವನ್ನು ಬರೆದರು. ಮರುವರ್ಷ ಲಾಸ್ ವೆಗಾಸ್‌ನ ರಾಬರ್ಟ್ ವಿಲಿಯಮ್ಸ್ ಇನ್ನೂ ಮುಂದೆ ಹೋದರು. ಮೂಳೆ ಕೆತ್ತಬೇಡಿ, ಡಿಸ್ಕನ್ನು ಕೆದಕಿ ಖಾಲಿ ಮಾಡಬೇಡಿ, ನರ ಒತ್ತುವ ತುಣುಕನ್ನಷ್ಟೇ ತೆಗೆದು ಹೊರಬನ್ನಿ ಎಂಬುದು ಅವರ ವಾದ. ಸುಮಾರು ಮೂರು ಸೆಂಟಿಮೀಟರ್ ಗಾಯ, ಹಿಗ್ಗಿಸಿ ತೋರಿಸುವ ಮಸೂರ, ನೆರಳಿಲ್ಲದ ಬೆಳಕು. ಇದೇ ಮೈಕ್ರೊಡಿಸ್ಕೆಕ್ಟಮಿ. ಹೊಸದಾಗಿ ಬಂದ ಪ್ರತಿಯೊಂದು ವಿಧಾನವೂ ಇಂದಿಗೂ ತನ್ನನ್ನು ಅಳೆದುಕೊಳ್ಳುವುದು ಇದರ ಜೊತೆಯಲ್ಲೇ.

ಇದಕ್ಕಿಂತ ಬೇರೆಯಾದ ದಾರಿ ಹಿಡಿದವರು ಹಿಂದಿನಿಂದ ಬರದೆ ಪಕ್ಕದಿಂದ ಬಂದರು. 1975ರಲ್ಲಿ ಜಪಾನಿನ ಹಿಜಿಕಾಟ ಬೆನ್ನಿನ ಪಕ್ಕದಿಂದ ಸಣ್ಣ ಕೊಳವೆ ತೂರಿಸಿ ಡಿಸ್ಕಿನ ತಿರುಳನ್ನು ಕಡಿಮೆ ಮಾಡಿದರು. ಒಳಗೆ ಏನಿದೆಯೆಂದು ನೋಡಲು ಅವರಿಗೆ ಎಕ್ಸ್‌ರೇ ನೆರಳು ಬಿಟ್ಟರೆ ಬೇರೆ ಕಣ್ಣಿರಲಿಲ್ಲ. ಫಿಲಡೆಲ್ಫಿಯಾದ ಪರ್ವಿಜ್ ಕಾಂಬಿನ್ ವರ್ಷಗಟ್ಟಲೆ ಅದೇ ಹಾದಿಯಲ್ಲಿ ನಡೆದು, ನರಗಳಿಗೆ ತಾಗದೆ ಡಿಸ್ಕಿಗೆ ಹೋಗಬಹುದಾದ ಒಂದು ತ್ರಿಕೋನವನ್ನು ಗುರುತಿಸಿದರು. ಹೊರಹೋಗುವ ನರಬೇರು ಓರೆಯಾಗಿ ಇಳಿಯುತ್ತದೆ, ಅದೇ ತ್ರಿಕೋನದ ಉದ್ದನೆಯ ಬಾಹು. ಕೆಳಗಿನ ಮಣಿಯ ಮೇಲಂಚು ಅದರ ತಳ. ಹಿಂಬದಿಗೆ ಮಣಿಗಳ ನಡುವಿನ ಕೀಲು. ಬೆರಳ ತುದಿ ತೂರದಷ್ಟು ಆ ಜಾಗಕ್ಕೆ ಈಗ ಕಾಂಬಿನ್ ತ್ರಿಕೋನವೆಂದೇ ಹೆಸರು. ಬೆಳಕಿನ ಎಳೆಗಳ ಕಟ್ಟು, ಪುಟ್ಟ ಕ್ಯಾಮೆರಾ, ನೀರು ಹರಿಸುವ ನಾಳ, ಉಪಕರಣ ತೂರಿಸುವ ನಾಳ ಎಲ್ಲವೂ ಒಂದೇ ಕಡ್ಡಿಯಲ್ಲಿ ಅಡಗಿದ ಎಂಡೋಸ್ಕೋಪ್ 1990ರ ದಶಕದಲ್ಲಿ ಹದಕ್ಕೆ ಬಂದಾಗ ಈ ದಾರಿಗೆ ಕಣ್ಣು ಬಂತು.

ಈ ಆಪರೇಷನ್ ನಡೆಯುವುದು ಹೀಗೆ. ರೋಗಿಯನ್ನು ಬೋರಲು ಮಲಗಿಸುತ್ತಾರೆ. ಅನೇಕ ಕಡೆ ಪೂರ್ತಿ ಮಂಪರಿಲ್ಲ, ಚುಚ್ಚುವ ಜಾಗಕ್ಕಷ್ಟೇ ಮರಗಟ್ಟಿಸುವ ಮದ್ದು, ಜೊತೆಗೆ ತುಸು ಜೋಂಪು. ಬೆನ್ನಿನ ನಟ್ಟನಡುವಿನಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ಪಕ್ಕೆಯ ಕಡೆ, ಸೂಜಿ ಒಳಹೋಗುತ್ತದೆ. ಸಿ-ಆರ್ಮ್ ಎಂಬ ಎಕ್ಸ್‌ರೇ ಕಮಾನು ಮೇಲಿನಿಂದಲೂ ಪಕ್ಕದಿಂದಲೂ ಅದರ ತುದಿಯನ್ನು ತೋರಿಸುತ್ತಿರುತ್ತದೆ. ಸೂಜಿಯ ಜಾಗಕ್ಕೆ ತಂತಿ, ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳು ಇಳಿಯುತ್ತವೆ. ಮಾಂಸಖಂಡ ಕತ್ತರಿಸಿಹೋಗುವುದಿಲ್ಲ, ಎಳೆಗಳು ಪಕ್ಕಕ್ಕೆ ಸರಿಯುತ್ತವೆ. ಕೊನೆಗೆ ಉಳಿಯುವುದು ಏಳೆಂಟು ಮಿಲಿಮೀಟರಿನ ಒಂದು ನಾಳ. ಅದರಲ್ಲಿ ಎಂಡೋಸ್ಕೋಪ್. ಉಪ್ಪುನೀರು ನಿಲ್ಲದೆ ಹರಿದು ರಕ್ತವನ್ನು ತೊಳೆಯುತ್ತಿರುವುದರಿಂದ ಪರದೆಯ ಮೇಲೆ ಎಲ್ಲವೂ ನಿಚ್ಚಳ. ಕೆಲವರು ಮೊದಲೇ ಡಿಸ್ಕಿಗೆ ನೀಲಿ ಬಣ್ಣ ಚುಚ್ಚಿರುತ್ತಾರೆ. ಕೆಟ್ಟ ತಿರುಳು ನೀಲಿಯಾಗಿ, ನರ ಬಿಳಿಯಾಗಿ, ಸುತ್ತಲಿನ ಕೊಬ್ಬು ಹಳದಿಯಾಗಿ ಕಾಣುತ್ತದೆ. ಪುಟ್ಟ ಚಿಮ್ಮಟದ ಬಾಯಿ ನೀಲಿಯನ್ನು ಕಚ್ಚಿ ಎಳೆಯುತ್ತದೆ. ಅಷ್ಟರಲ್ಲಿ ಉಪಕರಣವೇನಾದರೂ ನರಕ್ಕೆ ತಾಗಿದರೆ ರೋಗಿ ‘ಅಯ್ಯೋ, ಕಾಲು’ ಎಂದು ಕೂಗುತ್ತಾನೆ. ವೈದ್ಯರ ಕೈ ನಿಲ್ಲುತ್ತದೆ. ಎಚ್ಚರವಿರುವ ರೋಗಿಗಿಂತ ಒಳ್ಳೆಯ ಎಚ್ಚರಿಕೆ ಗಂಟೆ ಇನ್ನೊಂದಿಲ್ಲ. ತುಣುಕು ಹೊರಬಂದ ಮೇಲೆ, ಅದುಮಿಹೋಗಿದ್ದ ನರ ಮತ್ತೆ ಮಿಡಿಯತೊಡಗುವುದು ಪರದೆಯಲ್ಲಿ ಕಾಣುತ್ತದೆ. ಒಂದು ಹೊಲಿಗೆ. ಕೆಲವೇ ಗಂಟೆಗಳಲ್ಲಿ ರೋಗಿ ಎದ್ದು ನಡೆಯುತ್ತಾನೆ.

ಪಕ್ಕದ ದಾರಿ ಎಲ್ಲರಿಗೂ ತೆರೆದಿರುವುದಿಲ್ಲ. ಕೊನೆಯ ಡಿಸ್ಕಿನ ಪಕ್ಕದಲ್ಲಿ ಸೊಂಟದ ಮೂಳೆಯ ಏಣು ಗೋಡೆಯಂತೆ ಅಡ್ಡ ಬರುತ್ತದೆ. ಆಗ ಅದೇ ಎಂಡೋಸ್ಕೋಪನ್ನು ಹಿಂದಿನಿಂದ, ಮಣಿಗಳ ನಡುವಿನ ಹಳದಿ ಪೊರೆಯನ್ನು ಬಿಡಿಸಿ ಒಳಗೆ ಬಿಡುತ್ತಾರೆ. ಒಂದೇ ತೂತಿನ ಬದಲು ಎರಡು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇನ್ನೊಂದರಲ್ಲಿ ಉಪಕರಣ ಇಡುವ ವಿಧಾನ ಕೊರಿಯಾದಲ್ಲಿ ಬೆಳೆದು ಭಾರತಕ್ಕೂ ಬಂದಿದೆ. ಮೈಕ್ರೊಡಿಸ್ಕೆಕ್ಟಮಿಗೂ ಎಂಡೋಸ್ಕೋಪಿಗೂ ನಡುವೆ, 1997ರಲ್ಲಿ ಅಮೆರಿಕದ ಫೋಲಿ ಮತ್ತು ಇನ್ನೊಬ್ಬ ಸ್ಮಿತ್ ಪ್ರಕಟಿಸಿದ ಕೊಳವೆಯ ವಿಧಾನವೊಂದಿದೆ. ಸುಮಾರು 16ರಿಂದ 18 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಕೈಚಳಕ ತೋರಿಸುವುದು ಅದರ ಸಾರ.

*

ಈಗ ಲೆಕ್ಕದ ಮಾತು. ಕೊಳವೆಯ ಮೂಲಕ ಹೋದರೆ ಮಾಂಸಖಂಡಕ್ಕೆ ಪೆಟ್ಟು ಕಡಿಮೆ, ಹಾಗಾಗಿ ನೋವೂ ಕಡಿಮೆ, ಚೇತರಿಕೆಯೂ ಬೇಗ ಎಂದು ಎಲ್ಲರೂ ನಂಬಿದ್ದರು. ಕೇಳುವುದಕ್ಕೆ ಎಷ್ಟು ಸರಿಯಾಗಿದೆಯೆಂದರೆ ಪರೀಕ್ಷಿಸುವ ಅಗತ್ಯವೇ ಇಲ್ಲವೆನಿಸುತ್ತದೆ. ನೆದರ್‌ಲೆಂಡ್ಸ್‌ನವರು ಪರೀಕ್ಷಿಸಿಯೇಬಿಟ್ಟರು. ಮಾರ್ಕ್ ಆರ್ಟ್ಸ್ ಮತ್ತು ಸಂಗಡಿಗರು 328 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಅರ್ಧ ಜನರಿಗೆ ಕೊಳವೆಯಿಂದ, ಉಳಿದರ್ಧ ಜನರಿಗೆ ಹಳೆಯ ಮೈಕ್ರೊಡಿಸ್ಕೆಕ್ಟಮಿ ಮಾಡಿದರು. ಯಾರಿಗೆ ಯಾವುದಾಯಿತೆಂದು ರೋಗಿಗೆ ಹೇಳಲಿಲ್ಲ. 2009ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ಕೊನೆಗೆ ಚೆನ್ನಾಗಿ ವಾಸಿಯಾಯಿತೆಂದವರು ಕೊಳವೆಯ ಗುಂಪಿನಲ್ಲಿ ಶೇಕಡಾ 69, ಹಳೆಯ ವಿಧಾನದಲ್ಲಿ ಶೇಕಡಾ 79! ಕಾಲುನೋವು ಇಳಿದದ್ದೂ ಕೊಳವೆಯ ಗುಂಪಿನಲ್ಲಿ ತುಸು ಕಡಿಮೆ. ಅವರು ಅಲ್ಲಿಗೇ ಬಿಡಲಿಲ್ಲ. ರಕ್ತಪರೀಕ್ಷೆಯಿಂದಲೂ ಎಂಆರ್‌ಐಯಿಂದಲೂ ಮಾಂಸಖಂಡಕ್ಕಾದ ಪೆಟ್ಟನ್ನೇ ಅಳೆದರು. ಅದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಎಂಡೋಸ್ಕೋಪಿನ ಕಥೆ ಇದಕ್ಕಿಂತ ಆಶಾದಾಯಕ. ಅದೇ ದೇಶದಲ್ಲಿ 613 ರೋಗಿಗಳನ್ನು ಸೇರಿಸಿಕೊಂಡು ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಕ್ಕದ ದಾರಿಯ ಎಂಡೋಸ್ಕೋಪಿ ಒಂದು ವರ್ಷದ ಕೊನೆಗೆ ಮೈಕ್ರೊಡಿಸ್ಕೆಕ್ಟಮಿಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲವೆಂದು ಗೊತ್ತಾಯಿತು. ಕಾಲುನೋವಿನ ಅಂಕಿಗಳು ಎಂಡೋಸ್ಕೋಪಿಯ ಕಡೆಗೇ ಸ್ವಲ್ಪ ವಾಲಿದ್ದವು. ಆದರೆ ರೋಗಿಯ ದಿನನಿತ್ಯದ ಬದುಕಿನಲ್ಲಿ ಎದ್ದುಕಾಣುವಷ್ಟು ಅಂತರವಲ್ಲ. ಹಾಗಾಗಿ ನನ್ನ ತೀರ್ಮಾನ ಇಷ್ಟು: ಎಂಡೋಸ್ಕೋಪಿ ಒಳ್ಳೆಯ ಆಪರೇಷನ್, ಮೈಕ್ರೊಡಿಸ್ಕೆಕ್ಟಮಿಯೂ ಒಳ್ಳೆಯ ಆಪರೇಷನ್. ನಿಮ್ಮ ವೈದ್ಯರ ಕೈಗೆ ಯಾವುದು ಪಳಗಿದೆಯೋ ಅದು ನಿಮಗೆ ಹೆಚ್ಚು ಒಳ್ಳೆಯದು. ಎಂಡೋಸ್ಕೋಪಿ ಕಲಿಯಲು ಕಷ್ಟ, ಕಲಿಯುವ ದಿನಗಳಲ್ಲಿ ತುಣುಕು ಒಳಗೇ ಉಳಿದುಹೋಗುವುದೂ ನರ ಕೆರಳುವುದೂ ಹೆಚ್ಚು.

ಲೇಸರ್ ಬಗ್ಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ನಮ್ಮ ಊರುಗಳ ಆಸ್ಪತ್ರೆ ಫಲಕಗಳಿಗೆ ಈ ಶಬ್ದದ ಮೇಲೆ ವಿಶೇಷ ಪ್ರೀತಿ. 1986ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮೊದಲ ಸಲ ಸೂಜಿಯ ಮೂಲಕ ಲೇಸರ್ ಎಳೆ ತೂರಿಸಿ ಡಿಸ್ಕಿನ ತಿರುಳನ್ನು ಆವಿ ಮಾಡಲಾಯಿತು. ಮೈಕ್ರೊಡಿಸ್ಕೆಕ್ಟಮಿಯೊಡನೆ ಅದನ್ನು ಹೋಲಿಸಿದ ಡಚ್ ಅಧ್ಯಯನದಲ್ಲಿ ಲೇಸರ್ ಮಾಡಿಸಿಕೊಂಡವರ ಚೇತರಿಕೆ ನಿಧಾನವಾಗಿತ್ತು. ಮತ್ತೆ ಆಪರೇಷನ್ ಬೇಕಾದವರ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಿತ್ತು. ಹೊರಗೆ ಬಿದ್ದ ತುಣುಕನ್ನು, ಡಿಸ್ಕಿನ ಒಳಗನ್ನು ಸುಡುವ ಲೇಸರ್ ಮುಟ್ಟುವುದೇ ಇಲ್ಲ. ಇತ್ತ ಪಪ್ಪಾಯದ ಕನಸು ಮಾತ್ರ ಪೂರ್ತಿ ಸತ್ತಿಲ್ಲ. ಪ್ರೋಟೀನನ್ನು ಮುಟ್ಟದೆ, ನೀರು ಹಿಡಿದಿಡುವ ಸಕ್ಕರೆಯ ಸರಪಳಿಯನ್ನಷ್ಟೇ ಕತ್ತರಿಸುವ ಕಾಂಡೋಲಿಯೇಸ್ ಎಂಬ ಕಿಣ್ವಕ್ಕೆ 2018ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿದೆ. ಅದು ಪಪ್ಪಾಯದಿಂದ ಬಂದದ್ದಲ್ಲ, ಬ್ಯಾಕ್ಟೀರಿಯಾದಿಂದ.

ಇಷ್ಟೆಲ್ಲ ಚರ್ಚೆಯಲ್ಲಿ ಚರ್ಮದ ಮೇಲಿನ ತೂತು ಎಷ್ಟು ಮಿಲಿಮೀಟರ್ ಎಂದು ಕೇಳುವವರೇ ಎಲ್ಲರೂ. ಸ್ಟ್ಯಾನ್‌ಫೋರ್ಡ್‌ನ ಯೂಜೀನ್ ಕ್ಯಾರಜೀ ಇನ್ನೊಂದು ತೂತನ್ನು ಅಳೆದರು. ಸುಮಾರು 180 ರೋಗಿಗಳ ಆಪರೇಷನ್ ಹೊತ್ತಿನಲ್ಲಿ ಡಿಸ್ಕಿನ ಉಂಗುರ ಎಷ್ಟು ಹರಿದಿದೆ ಎಂದು ಬರೆದಿಟ್ಟು, ಮುಂದೆ ಅವರಿಗೇನಾಯಿತೆಂದು ನೋಡಿ 2003ರಲ್ಲಿ ಪ್ರಕಟಿಸಿದರು. ತುಣುಕು ಹೊರಬಿದ್ದು, ಉಂಗುರದಲ್ಲಿ ಬರೀ ಸೀಳು ಉಳಿದಿದ್ದವರಲ್ಲಿ ತಿರುಳು ಮತ್ತೆ ಹೊರಬಂದದ್ದು ನೂರಕ್ಕೆ ಒಬ್ಬರಿಗೆ. ಉಂಗುರದಲ್ಲಿ ದೊಡ್ಡ ಬಾಯಿ ತೆರೆದಿದ್ದವರಲ್ಲಿ ನೂರಕ್ಕೆ 27 ಜನರಿಗೆ. ಹೊರಬಿದ್ದ ತುಣುಕೇ ಇಲ್ಲದೆ, ಉಂಗುರವೂ ಹರಿಯದೆ, ಬರೀ ಉಬ್ಬಿದ ಡಿಸ್ಕನ್ನು ಆಪರೇಷನ್ ಮಾಡಿಸಿಕೊಂಡವರ ಪಾಡು ಎಲ್ಲರಿಗಿಂತ ಕೆಟ್ಟದಾಗಿತ್ತು. ಅವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನರಿಗೆ ಕಾಲುನೋವು ಹೋಗಲಿಲ್ಲ, ಇಲ್ಲವೇ ಮರಳಿ ಬಂತು. ಅಂದರೆ ಆಪರೇಷನ್ನಿನ ಭವಿಷ್ಯ ಬಹುಮಟ್ಟಿಗೆ ಆಪರೇಷನ್ನಿಗೆ ಮೊದಲೇ, ಹರಿದ ಡಿಸ್ಕಿನ ರೂಪದಲ್ಲೇ ಬರೆದಿರುತ್ತದೆ. ಸಣ್ಣ ಉಬ್ಬಿಗೆ ಸಣ್ಣ ತೂತಿನ ಆಪರೇಷನ್ ಎಂದು ಬೇಗ ಒಪ್ಪಿಕೊಳ್ಳುವವರೇ ಹೆಚ್ಚು ನಿರಾಸೆಪಡುವವರು. ಗಾಯ ಸಣ್ಣದು, ಅದೇ ದಿನ ಮನೆಗೆ ಎಂಬ ಮಾತಿನ ಅಪಾಯ ಇದೇ. ದೊಡ್ಡ ಗಾಯವಾಗಿದ್ದರೆ ಹತ್ತು ಸಲ ಯೋಚಿಸುತ್ತಿದ್ದ ರೋಗಿ, ವೈದ್ಯರು ಇಬ್ಬರೂ ಯೋಚಿಸುವುದನ್ನು ಬಿಡುತ್ತಾರೆ.

ಹಾಗಾದರೆ ಯಾವಾಗ ಮಾಡಿಸಬೇಕು? ಲೈಡನ್ ನಗರದ ವಿಲ್ಕೊ ಪೌಲ್ ಅವರ 2007ರ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಆರರಿಂದ ಹನ್ನೆರಡು ವಾರ ತೀವ್ರ ಕಾಲುನೋವು ಅನುಭವಿಸಿದ್ದ 283 ಜನರಲ್ಲಿ ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವ ಸೂಚನೆ. ಕಾದವರಲ್ಲಿ ಶೇಕಡಾ 39ರಷ್ಟು ಜನ ತಡೆಯಲಾರದೆ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು, ಉಳಿದವರಿಗೆ ಬೇಕಾಗಲಿಲ್ಲ. ಬೇಗ ಮಾಡಿಸಿಕೊಂಡವರ ನೋವು ಬೇಗ ಹೋಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇಕಡಾ 95ರಷ್ಟು ಜನ ಗುಣವಾಗಿದ್ದರು. ಆಪರೇಷನ್ ಕೊಳ್ಳುವುದು ಹೆಚ್ಚಾಗಿ ಸಮಯವನ್ನು. ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯವರಿಗೂ, ರಾತ್ರಿಯಿಡೀ ನಿದ್ದೆಯಿಲ್ಲದವರಿಗೂ ಆ ಸಮಯಕ್ಕೆ ತುಂಬ ಬೆಲೆಯಿದೆ. ಅವರು ಮಾಡಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಕಾಯಬಲ್ಲವರು ಕಾಯಬಹುದು. ಕಾಯುವುದೆಂದರೆ ಹಾಸಿಗೆ ಹಿಡಿಯುವುದಲ್ಲ. ಎರಡು ವಾರದ ಹಾಸಿಗೆ ವಿಶ್ರಾಂತಿಯಿಂದ ಏನೂ ಹೆಚ್ಚಿನ ಲಾಭವಿಲ್ಲವೆಂದು 1999ರಲ್ಲೇ, ಮತ್ತೆ ನೆದರ್‌ಲೆಂಡ್ಸ್‌ನಲ್ಲೇ, 183 ರೋಗಿಗಳಲ್ಲಿ ತೋರಿಸಲಾಗಿದೆ. ನೋವು ನಿವಾರಕ, ತಾಳುವಷ್ಟು ನಡಿಗೆ, ಎಂದಿನ ಕೆಲಸಗಳಲ್ಲಿ ಆದಷ್ಟು. ಕಾಲಿನ ಬಲ ದಿನೇದಿನೇ ಕುಗ್ಗುತ್ತಿದ್ದರೆ ಮಾತ್ರ ಕಾಯಬಾರದು.

ವೈದ್ಯರ ಮುಂದೆ ಕುಳಿತಾಗ ತೂತಿನ ಗಾತ್ರವನ್ನು ಕೊನೆಗೆ ಕೇಳಿ. ನನ್ನ ನೋವಿಗೂ ಚಿತ್ರದಲ್ಲಿರುವ ಡಿಸ್ಕಿಗೂ ತಾಳೆಯಾಗುತ್ತದೆಯೇ, ತುಣುಕು ಹೊರಬಿದ್ದಿದೆಯೇ ಅಥವಾ ಬರೀ ಉಬ್ಬೇ, ಇನ್ನೊಂದು ತಿಂಗಳು ಕಾದರೆ ಏನಾಗಬಹುದು, ಈ ವಿಧಾನದಲ್ಲಿ ನೀವು ಎಷ್ಟು ಜನರಿಗೆ ಮಾಡಿದ್ದೀರಿ ಎಂದು ಮೊದಲು ಕೇಳಿ. ಒಳ್ಳೆಯ ಶಸ್ತ್ರವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಒಂದೇ ಒಂದು ಸಂದರ್ಭದಲ್ಲಿ ಇವಾವುದನ್ನೂ ಕೇಳುತ್ತಾ ಕೂರಬೇಡಿ. ದೊಡ್ಡ ತುಣುಕೊಂದು ಸೊಂಟದ ಕೆಳಗಿನ ನರಗಳ ಇಡೀ ಗೊಂಚಲನ್ನೇ ಅದುಮಿದಾಗ ಮೂತ್ರ ಕಟ್ಟುತ್ತದೆ ಅಥವಾ ಅರಿವಿಲ್ಲದೆ ಸೋರುತ್ತದೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಾಗುತ್ತದೆ, ಎರಡೂ ಕಾಲು ಸೋಲುತ್ತವೆ. ಸಂಕೋಚದಿಂದ ಅನೇಕರು ಇದನ್ನು ಮನೆಯವರಿಗೂ ಹೇಳುವುದಿಲ್ಲ. ಒಂದೆರಡು ದಿನ ತಡವಾದರೆ ಮೂತ್ರದ ಹಿಡಿತ ಜೀವಮಾನವಿಡೀ ಮರಳದಿರಬಹುದು. ಆ ಲಕ್ಷಣ ಕಂಡರೆ ಬೆಳಗಾಗಲೆಂದು ಕಾಯದೆ, ನರಶಸ್ತ್ರವೈದ್ಯರು ಅಥವಾ ಬೆನ್ನೆಲುಬಿನ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಅದೇ ರಾತ್ರಿ ಹೊರಡಿ. ಅಂದು ಅವರು ಸಣ್ಣ ತೂತಿನಿಂದ ಮಾಡಲಿ, ಉದ್ದಕ್ಕೆ ಸೀಳಿಯೇ ಮಾಡಲಿ, ಒಪ್ಪಿಕೊಳ್ಳಿ.